ಕೆಂಚಮ್ಮನ ಬಾಯಲ್ಲಿ ನಿಂತಿದ್ದ ಹೆಸರು

ವಿದ್ಯಾರಣ್ಯಪುರಂನ ನಮ್ಮ ಬೀದಿಯಲ್ಲಿ ಕೆಂಚಮ್ಮನ ಗಂಟಲು ಕೇಳದ ಮನೆಯಿಲ್ಲ. ಇಪ್ಪತ್ತೇಳು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದವಳು. ಊಟ ಬಿಟ್ಟ ಡಾಕ್ಟರನ್ನೂ ಗದರಿಸಿದವಳು. ಅಂಥ ಬಾಯಿ ಒಂದು ಹೆಸರನ್ನು ಮಾತ್ರ ಮದುವೆಯಾದಂದಿನಿಂದ ಆಡಿರಲಿಲ್ಲ. ಅದು ಗಂಡನ ಹೆಸರು. ಹೆಂಡತಿ ಹೆಸರು ಹಿಡಿದರೆ ಗಂಡನ ಆಯಸ್ಸು ಸವೆಯುತ್ತದೆ ಎಂದು ಅವಳವ್ವ ಹೇಳಿಕೊಟ್ಟಿದ್ದಳು. ರೇಷನ್ ಅಂಗಡಿಯವನು ಕೇಳಿದರೂ ಸುಮ್ಮನೆ ಕಾರ್ಡು ಚಾಚುತ್ತಿದ್ದಳು.

ಆರು ವರ್ಷದ ಹಿಂದೆ ಒಂದು ಸಂಜೆ ಸೈಕಲ್ ಅಂಗಡಿಯ ಬಸವರಾಜುವಿಗೆ ಯಾರೋ ಚಾಕು ಹಾಕಿದರು. ಆಸ್ಪತ್ರೆಯಲ್ಲಿ ಅವನ ಸ್ಟ್ರೆಚರ್ ತಳ್ಳಿದವಳು ಕೆಂಚಮ್ಮ. ಡಾಕ್ಟರು ಬರುವ ಮೊದಲೇ ಅವನು ಅವಳ ಕೈ ಹಿಡಿದು, ಚುಚ್ಚಿದವನ ಹೆಸರನ್ನು ಎರಡು ಸಲ ಹೇಳಿ ಪ್ರಾಣ ಬಿಟ್ಟ. ಗ್ರಹಚಾರಕ್ಕೆ ಆ ಚುಚ್ಚಿದವನಿಗೂ ಅವಳ ಗಂಡನದೇ ಹೆಸರು!

ಕೇಸು ನಡೆದಾಗ ಗಂಡನಿಗೆ ಎದೆಯ ಆಪರೇಷನ್ ಆಗಿ ಮೂರೇ ದಿನ. ಸತ್ತವನ ಪಕ್ಕ ಇದ್ದವಳೆಂದು ಸಾಕ್ಷಿಗೆ ಕರೆಸಿ, ಕಟಕಟೆಯಲ್ಲಿ ಅವನು ಹೇಳಿದ ಹೆಸರು ಕೇಳಿದರೆ ಕೆಂಚಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಾಕ್ಷಿಗೆ ನೆನಪಿಲ್ಲವೆಂದು ಬರೆದುಕೊಂಡರು. ಓಡುವವನ ಬೆನ್ನನ್ನು ಮಬ್ಬುಗತ್ತಲಲ್ಲಿ ಕಂಡಿದ್ದ ದಾರಿಹೋಕನೊಬ್ಬ, ಅದು ಅಂಗಡಿಯ ಕೆಲಸಗಾರ ಯೋಗೇಂದ್ರನ ಬೆನ್ನು ಎಂದ. ಬೆನ್ನಿಗೇನು ಮೂಗು ಮೀಸೆ ಇರುತ್ತದೆಯೇ? ಆದರೂ ಯೋಗೇಂದ್ರನಿಗೆ ಜೀವಾವಧಿ ಶಿಕ್ಷೆಯಾಯಿತು. ಗಂಡನ ಗಂಜಿ, ಮಾತ್ರೆಗಳಲ್ಲಿ ಮುಳುಗಿದ್ದ ಕೆಂಚಮ್ಮನಿಗೆ ಆ ಸುದ್ದಿ ತಲುಪಲೇ ಇಲ್ಲ.

ಹೈಕೋರ್ಟಿನಲ್ಲಿ ಮೇಲ್ಮನವಿ ಹಾಕಿದ ಮೇಲೆ ಯೋಗೇಂದ್ರನ ತಂಗಿ ಶಿಲ್ಪಶ್ರೀ ಅವಳ ಮನೆ ಹುಡುಕಿಕೊಂಡು ಬಂದು ಎಲ್ಲವನ್ನೂ ಹೇಳಿದಳು.

"ಅಜ್ಜಿ, ಬಸವರಾಜು ಅವ್ರು ಸಾಯೋವಾಗ ಯಾರ ಹೆಸರು ಹೇಳಿದ್ರು? ನಂಗಾದ್ರೂ ಹೇಳಿ."

ಕೆಂಚಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಗಂಡನ ಕಡೆ ಬೆರಳು ಮಾಡಿದಳು. "ಇವ್ರ ಹೆಸರೇ ಕಣವ್ವ."

ಮುದುಕ ಮೊರ ಕೆಳಗಿಟ್ಟ. "ಅಯ್ಯೋ ಮೂದೇವಿ! ನನ್ನೆಸರು ನುಂಗ್ಕೊಂಡು ಒಬ್ಬ ಮಗನ್ನ ಜೈಲಲ್ಲಿ ಕೂರಿಸ್ಬುಟ್ಯಲ್ಲಮ್ಮಿ!"

"ನಿಮ್ಗೇನಾರ ಆಗೋಗಿದ್ರೆ?" ಕೆಂಚಮ್ಮ ಅತ್ತಳು.

"ದಿನಕ್ಕೆ ಎಂಟು ಮಾತ್ರೆ ನುಂಗ್ತೀನಿ. ಅವನ್ನೆಲ್ಲ ಮೀರಿಸಿ ನಿನ್ ನಾಲ್ಗೆ ನನ್ನ ಕೊಂದಾತಾ? ನಡಿ, ನಾನೂ ಬತ್ತೀನಿ."

ವಕೀಲರು ಅರ್ಜಿ ಹಾಕಿದರು. ಅವಳ ಹೇಳಿಕೆಯನ್ನು ಇನ್ನೊಮ್ಮೆ ಪಡೆಯುವಂತೆ ಹೈಕೋರ್ಟು ಮೈಸೂರಿನ ಕೋರ್ಟಿಗೆ ಆದೇಶಿಸಿತು.

ಕಟಕಟೆ ಹತ್ತಿದ ಕೆಂಚಮ್ಮ ಅಲ್ಲೂ ಗಂಡನ ಕಡೆ ಬೆರಳನ್ನೇ ಚಾಚಿದಳು. ಸರ್ಕಾರಿ ವಕೀಲರು ಎದ್ದು, "ಬೆರಳನ್ನ ಬರ್ಕೊಳ್ಳೋಕಾಗಲ್ಲಮ್ಮ, ಬಾಯಲ್ಲಿ ಹೇಳಿ" ಎಂದರು.

ಹಿಂದಿನ ಬೆಂಚಿನಿಂದ ಗಂಡ ಕೂಗಿದ: "ಹೇಳಮ್ಮಿ! ಗಟ್ಟಿಯಾಗಿ ಹೇಳು!" ಜಡ್ಜು ಅವನನ್ನು ಗದರಿ ಕೂರಿಸಿದರು.

ಕೆಂಚಮ್ಮ ಕಣ್ಣು ಮುಚ್ಚಿದಳು. "ಪುಟ್ಟಮಾದಯ್ಯ!"

ಕೋರ್ಟಿನ ಸೂರು ಹಾರುವಂಥ ಕೂಗು. ಆಮೇಲೆ ಒಂದೇ ಕಣ್ಣು ತೆರೆದು ನೋಡಿದಳು. ಗಂಡ ಗುಂಡುಕಲ್ಲಿನ ಹಾಗೆ ಕುಳಿತು ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದ. ಅವಳಿಗೆ ಎಲ್ಲಿಲ್ಲದ ಧೈರ್ಯ ಬಂತು. "ಪುಟ್ಟಮಾದಯ್ಯ ಚುಚ್ಬುಟ್ಟ ಅಂತ ಎರಡು ಸಲ ಅಂದ್ರು ಸ್ವಾಮಿ. ಬ್ಯಾರೆ ಯಾರ ಹೆಸರೂ ಎತ್ನಿಲ್ಲ."

"ಆವತ್ತು ಯಾಕೆ ಹೇಳಲಿಲ್ಲ?" ವಕೀಲರು ಕೇಳಿದರು.

"ಆವತ್ತು ಇವ್ರ ಎದೆ ಹೊಲಿಗೆ ಇನ್ನೂ ಹಸೀನೇ ಇತ್ತು."

ವಕೀಲರು ಫೈಲು ಮುಚ್ಚಿದರು.

ಬೆನ್ನು ನೋಡಿ ಗುರುತು ಹೇಳಿದ್ದು ನಂಬಲು ಸಾಲದು, ಸಾಯುವವನ ಮಾತು ಕೇಳಿದ ಈ ಹೆಂಗಸಿಗೆ ಸುಳ್ಳಾಡುವ ಕಾರಣವಿಲ್ಲ ಎಂದು ಹೇಳಿ ಹೈಕೋರ್ಟು ಯೋಗೇಂದ್ರನನ್ನು ಬಿಡುಗಡೆ ಮಾಡಿತು. ಅಂಗಡಿ ಜಾಗಕ್ಕಾಗಿ ಬಸವರಾಜುವಿನೊಡನೆ ಕಿತ್ತಾಡಿದ್ದ ಗುಜರಿ ಪುಟ್ಟಮಾದಯ್ಯನ ಮನೆಗೆ ಪೊಲೀಸರು ಹೋದರು.

ಮೊನ್ನೆ ಭಾನುವಾರ ಯೋಗೇಂದ್ರ ತಂಗಿಯ ಜೊತೆ ಕೆಂಚಮ್ಮನ ಮನೆಗೆ ಬಂದ. "ತಡ ಮಾಡ್ಬುಟ್ಟೆ ಮಗ, ತಪ್ಪಾಯ್ತು" ಎಂದು ಅವನ ಗಲ್ಲ ಸವರಿದಳು. ಅವನು ಅವಳ ಕೈಯನ್ನು ಕಣ್ಣಿಗೊತ್ತಿಕೊಂಡ. ಎಲೆ ಹಾಸಿ, ಒಬ್ಬಟ್ಟು ಬಡಿಸಿ, ಅವಳು ಒಳಗಿನಿಂದಲೇ ಕೂಗಿದಳು: "ಏನ್ರೀ ಪುಟ್ಟಮಾದಯ್ಯ, ಮಗೀಗೆ ನೀರು ತನ್ನಿ!"

ಮುದುಕ ಚೊಂಬು ಹಿಡಿದು ಬಂದ. "ನೋಡಪ್ಪ, ಕೋರ್ಟಿಂದ ಬಂದಾಗಿಂದ ಇದೇ ಆಗೋಯ್ತು. ಆಯಸ್ಸೇನೋ ಗಟ್ಟಿಯಾಗೈತೆ, ಮರ್ಯಾದೆ ಸವೀತಾ ಐತೆ!"

ಯೋಗೇಂದ್ರ ನಕ್ಕು ನಕ್ಕು ಒಬ್ಬಟ್ಟು ನೆತ್ತಿಗೆ ಹತ್ತಿಸಿಕೊಂಡ.