ಎಕ್ಸ್‌ರೇ ಅಣ್ಣನ ಬೆಣ್ಣೆ

ಸ್ಕ್ಯಾನಿಂಗ್ ಬರುವ ಮುಂಚೆ ಚಿಂತಾಮಣಿಯಲ್ಲಿ ಪಿತ್ತಕೋಶದ ಎಕ್ಸ್‌ರೇ ತೆಗೆಯುತ್ತಿದ್ದ ಪೊದೆ ಮೀಸೆಯವರನ್ನು ನಾವೆಲ್ಲ ಎಕ್ಸ್‌ರೇ ಅಣ್ಣ ಎನ್ನುತ್ತಿದ್ದೆವು. ಪಿತ್ತಕೋಶ ಫಿಲಂನಲ್ಲಿ ಬೆಳ್ಳಗೆ ಮೂಡಲೆಂದು ಹಿಂದಿನ ಸಂಜೆಯೇ ಮಾತ್ರೆ ಕೊಟ್ಟು, "ರಾತ್ರಿ ಊಟಕ್ಕೆ ಎಣ್ಣೆ, ತುಪ್ಪ ಸೋಕಿಸ್ಬೇಡಿ, ನಿಮ್ಮ ದಮ್ಮಯ್ಯ" ಎಂದು ಕೈಮುಗಿಯುತ್ತಿದ್ದರು.

ಕೈವಾರದಿಂದ ನಮ್ಮತ್ತೆಯನ್ನು ಕರೆದೊಯ್ದಿದ್ದೆ. ಮೊದಲ ಫಿಲಂ ಚೆನ್ನಾಗಿ ಬಂತು. ಇನ್ನು ಕೊಬ್ಬು ತಿಂದ ಮೇಲೆ ಪಿತ್ತಕೋಶ ಕುಗ್ಗುತ್ತದೋ ಇಲ್ಲವೋ ನೋಡಬೇಕಿತ್ತು. ಅಣ್ಣ ಮನೆಯಿಂದ ತಂದಿದ್ದ ಬೆಣ್ಣೆಯನ್ನು ಬ್ರೆಡ್ಡಿಗೆ ದಪ್ಪಗೆ ಸವರಿ ಕೊಟ್ಟರು.

"ನೀವು ತಿಂದ್ರಾ?" ಅತ್ತೆ ಕೇಳಿದರು.

"ಶನಿವಾರ ನಂದು ಒಪ್ಪತ್ತು ಕಣಮ್ಮ, ರಾತ್ರಿಗೇ ಊಟ. ನೀವು ತಿನ್ನಿ, ನಿಮ್ಮ ದಮ್ಮಯ್ಯ."

"ಹಸಿದೋರ ಮುಂದೆ ನಾನೊಬ್ಬಳೇ ಹೆಂಗಪ್ಪ ತಿನ್ಲಿ?" ಅತ್ತೆ ತಟ್ಟೆ ಸರಿಸಿಬಿಟ್ಟರು.

ತಿನ್ನದಿದ್ದರೆ ನುಂಗಿದ ಮಾತ್ರೆಯೆಲ್ಲ ದಂಡವಾಗುತ್ತಿತ್ತು. ಅಣ್ಣ ಗೋಡೆಯ ಮೇಲಿದ್ದ ದೇವರ ಪಟವನ್ನೊಮ್ಮೆ ನೋಡಿ, ಇನ್ನೊಂದು ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ಅತ್ತೆಯ ಪಕ್ಕ ಕೂತರು. ಇಬ್ಬರೂ ತಿಂದರು.

ಆಮೇಲೆ ಎರಡನೇ ಫಿಲಂ ಹಿಡಿದು ಬಂದ ಅಣ್ಣ, "ಚೆನ್ನಾಗಿ ಕುಗ್ಗಿದೆ ಕಣಮ್ಮ" ಎಂದು ನಕ್ಕರು.

ಅತ್ತೆ ಫಿಲಮ್ಮಿನತ್ತ ನೋಡಲೇ ಇಲ್ಲ. ತಮ್ಮ ಸೆರಗಿನ ತುದಿಯನ್ನು ಅವರತ್ತ ಚಾಚಿ, ಮೆಲ್ಲಗೆ ಹೇಳಿದರು:

"ಮೀಸೆ ಒರೆಸ್ಕೊಳ್ಳಪ್ಪ, ಬೆಣ್ಣೆ ಐತೆ. ಮನೇಲಿ ನೋಡಿದ್ರೆ ಒಪ್ಪತ್ತು ಕೆಟ್ಟಿದ್ದು ಗೊತ್ತಾಗ್ಬಿಡುತ್ತೆ."