ಅದೇ ಕೆಂಪು

ಕುವೈತ್, 1990. ಸಭಾಂಗಣದ ಹಿಂದಿನ ಕೋಣೆಯಲ್ಲಿ ಎರಡು ತಂಡಕ್ಕೂ ಒಂದೇ ಕನ್ನಡಿ. ಪಕ್ಕದಲ್ಲಿ ಜಪಾನಿನ ಕಬುಕಿ ನಟ ಬಿಳಿ ಬಳಿದ ಮುಖಕ್ಕೆ ಕೆಂಪು ಗೆರೆ ಎಳೆಯುತ್ತಿದ್ದ. ಯಕ್ಷಗಾನದ ರಾಕ್ಷಸನಾದ ನನ್ನ ಮುಖದಲ್ಲೂ ಅದೇ ಕೆಂಪು. ನಮ್ಮವನೇ ಎಂದು ಖುಷಿಯಾಯಿತು.

"ಇವರದ್ದೂ ರಾಕ್ಷಸನಾ?" ಎಂದು ನಮ್ಮನ್ನು ಕರೆಸಿದ್ದ ಶೇಖರಣ್ಣನಲ್ಲಿ ಕೇಳಿದೆ.

ಅವರು ಇಂಗ್ಲಿಷಿನಲ್ಲಿ ವಿಚಾರಿಸಿ ನಕ್ಕರು. "ಅಲ್ಲ ಮಾರಾಯ್ರೆ, ಅವರಲ್ಲಿ ಕೆಂಪು ಅಂದ್ರೆ ಶೌರ್ಯ. ಹೀರೋಗೆ ಹಚ್ಚುವುದಂತೆ. ವಿಲನ್‌ಗೆ ನೀಲಿ."

ನನ್ನ ಹೊಟ್ಟೆ ಉರಿಯಿತು. ಇಷ್ಟು ವರ್ಷ ಇದೇ ಬಣ್ಣ ಬಳಿದುಕೊಂಡು ನಾನು ಮಕ್ಕಳನ್ನು ಅಳಿಸಿದ್ದೇ ಬಂತು. ಅವನು ರಂಗಕ್ಕೆ ಹೋದ. ಗೋಡೆಯಾಚೆ ಚಪ್ಪಾಳೆ ನಿಲ್ಲಲೇ ಇಲ್ಲ. ಗೆದ್ದು ಬಂದವನು ನನಗೆ ತಲೆಬಾಗಿದ. ನಾನು ಕಿರೀಟ ಬಿಗಿಯುವ ನೆವದಲ್ಲಿ ಮುಖ ತಿರುಗಿಸಿದೆ.

ಶೇಖರಣ್ಣ ಬಾಗಿಲಲ್ಲಿ ಇಣುಕಿ ಅರಬರ ಹಾಗೆ ಅವಸರಿಸಿದರು. "ಯಲ್ಲಾ, ಬನ್ನಿ. ನಿಮ್ಮ ವಧೆಗೆ ಹೊತ್ತಾಯ್ತು."