ಮಾಳಿಗೆಯಿಂದ ಇಳಿಯದ ಅತ್ತಿ

ನಮ್ಮ ಅತ್ತಿಯ ಬಲಗೈ ಹೆಬ್ಬೆರಳು ಬಾಗುತ್ತಿರಲಿಲ್ಲ. ಚಿಕ್ಕವಳಿದ್ದಾಗ ಮಗ್ಗದ ಲಾಳಿ ಬಡಿದು ಮುರಿದದ್ದು ನೆಟ್ಟಗೇ ಕೂಡಿಕೊಂಡಿತ್ತು. ಕೈ ಮುಗಿದರೂ ಅದೊಂದು ಬೆರಳು ದೂರ ನಿಲ್ಲುತ್ತಿತ್ತು, ದೇವರ ಜೊತೆಗೂ ಜಗಳಕ್ಕೆ ನಿಂತ ಹಾಗೆ.

ಅಪ್ಪನ ಅಕ್ಕ ಆಕೆ. ಮದುವೆಯಾದ ಮರುವರ್ಷವೇ ಗಂಡ ತೀರಿಕೊಂಡು, ರಬಕವಿಯ ನಮ್ಮ ಮನೆಗೆ ಮರಳಿ ಬಂದಳು. ಅಂದಿನಿಂದ ಒಲೆ ಆಕೆಯದು, ಮನೆ ಅಪ್ಪನದು. ಸಿಟ್ಟು ಬಂದರೆ ಅಪ್ಪ "ನನ್ನ ಮನ್ಯಾಗ" ಎಂದೇ ಮಾತು ಶುರು ಮಾಡುತ್ತಿದ್ದ. ಅತ್ತಿ ರೊಟ್ಟಿ ಬಡಿಯುವ ಸದ್ದು ಜೋರು ಮಾಡುತ್ತಿದ್ದಳು. ಅಷ್ಟೇ ಆಕೆಯ ಉತ್ತರ.

ನಾನು ಕಾಲೇಜಿಗೆ ಹೋಗುತ್ತಿದ್ದ ಕಾಲಕ್ಕೆ ಅರ್ಜೆಂಟೀನಾದ ಹುಡುಗಿಯೊಬ್ಬಳು ನಮ್ಮ ಮಾಳಿಗೆಯ ಮೇಲಿನ ಖೋಲಿಗೆ ಬಾಡಿಗೆಗೆ ಬಂದಳು. ಅವಳ ಕಾಲೇಜಿನವರು ನೇಯ್ಗೆ ಕಲಿಯಲು ಕಳಿಸಿದ್ದರು. ಯಹೂದಿ ಹುಡುಗಿ. ನಮ್ಮದು ಲಿಂಗವಂತರ ಮನೆ, ಮಾಂಸ ಒಳಗೆ ಬರುವುದಿಲ್ಲ ಎಂದು ತಿಳಿದು ಅವಳಿಗೇ ನಿರಾಳ. ಅವರಲ್ಲಿ ಊಟದ ಕಟ್ಟಳೆ ನಮಗಿಂತ ಹೆಚ್ಚು. ರಜೆ ಬಂದರೆ ಅತ್ತಿಯೂ ಅವಳೂ ಊರು ನೋಡಲು ಹೊರಡುವರು, ನಡುವೆ ದುಭಾಷಿ ನಾನು. ಜಮಖಂಡಿಯ ಅರಮನೆ, ಹಿಪ್ಪರಗಿ ಬ್ಯಾರೇಜು ಎಲ್ಲ ಅತ್ತಿಯೂ ಕಂಡದ್ದು ಆಗಲೇ ಮೊದಲು. ಮುಧೋಳದಲ್ಲಿ ಹೆಮ್ಮೆಯಿಂದ ಬೇಟೆನಾಯಿ ತೋರಿಸಿದವನನ್ನು, "ಎಲುಬು ಎಣಿಸಾಕ ಬರ್ತಾವಲ್ಲರೀ, ಉಣ್ಣಾಕ ಹಾಕ್ತೀರೋ ಇಲ್ಲೋ?" ಎಂದು ಅತ್ತಿ ದಬಾಯಿಸಿದಳು. "ಅಡಗಿ ಯಾರ ಮಾಡೋರು?" ಎಂದು ಅಪ್ಪ ಕೇಳಿದರೆ, "ಹಿಟ್ಟಿನ ಡಬ್ಬಿ ಎಲ್ಲೈತಿ ಅನ್ನೂದು ನಿನಗೂ ಗೊತ್ತೈತಲ್ಲ" ಎನ್ನತೊಡಗಿದಳು.

ಸೀಗಿ ಹುಣ್ಣಿಮೆ ಹತ್ತಿರ ಬಂದಾಗ ಹುಡುಗಿ ತನ್ನ ಹಬ್ಬದ ಮಾತು ತೆಗೆದಳು. ಸುಕ್ಕೋತ್ ಅಂತ; ಅದೇ ಹುಣ್ಣಿಮೆಗೆ ಶುರು. ಅವರ ಹಿರಿಯರು ಮನೆಮಠವಿಲ್ಲದೆ ಮರುಭೂಮಿಯಲ್ಲಿ ಅಲೆದ ನೆನಪಿಗೆ ಒಂದು ವಾರ ಸೊಪ್ಪಿನ ಗುಡಿಸಲು ಹಾಕಿ ಅದರಲ್ಲೇ ಉಣ್ಣಬೇಕು. ನಾನು ಇದನ್ನು ಹೇಳುತ್ತಿದ್ದಂತೆ ಅತ್ತಿಯ ಕೈ ಕೆಲಸ ನಿಂತಿತು. "ಮನಿ ಇಲ್ಲದವರ ಹಬ್ಬ ಅನ್ನು. ಹಂಗಾದ್ರ ನಂದೂ ಹಬ್ಬ ಅದು."

ಒಂದು ಹೊರೆ ಕಬ್ಬಿನ ಸೋಗೆ ತರಿಸಿ ಮಾಳಿಗೆಯ ಮೇಲೆ ತಾನೇ ಗುಡಿಸಲು ಹಾಕಿದಳು. ಅತಿಥಿ ತೊಯ್ಯಬಾರದಲ್ಲ, ಹನಿ ನೀರೂ ಇಳಿಯದ ಹಾಗೆ ದಟ್ಟವಾಗಿ ಹೊದಿಸಿದಳು. ಹುಡುಗಿ ತಲೆ ಎತ್ತಿ ನೋಡಿದಳು, ಮುಖ ಸಣ್ಣದಾಯಿತು. ಅಷ್ಟೊತ್ತಿಗೆ ನಮ್ಮ ಮಾತು ಅಷ್ಟಿಷ್ಟು ಕಲಿತಿದ್ದಳು.

"ಮ್ಯಾಲ ಆಕಾಶದ ಚಿಕ್ಕಿ ಕಾಣಬೇಕ್ರಿ ಅತ್ತಿ."

"ಮಳಿ ಬಂದ್ರ?"

"ಒಳಗ ಓಡೂದ್ರಿ."

ಅತ್ತಿ ಹೊಟ್ಟೆ ಹಿಡಿದು ನಕ್ಕಳು. ನಗುತ್ತಲೇ ಅರ್ಧ ಸೋಗೆ ಕಿತ್ತು ಹಾಕಿದಳು.

ಸಂಜೆ ಅಪ್ಪ ಮೇಲೆ ಬಂದ. ಓಣಿಯವರು ಯಾರೋ ಕಿವಿ ಊದಿದ್ದರು. "ಯಾವ ದೇಶದ ದ್ಯಾವ್ರೋ ಏನೋ, ನನ್ನ ಮನಿ ಮ್ಯಾಲ ಬ್ಯಾಡ. ಮುಂಜಾನಿಯೊಳಗ ತಗೀಬೇಕು. ಇಲ್ಲಂದ್ರ ಆ ಹುಡುಗಿ ಖೋಲಿ ಬಿಡಲಿ, ಅಕ್ಕಾ, ನೀನೂ ನಿನ್ನ ದಾರಿ ನೋಡ್ಕೋ."

ಹುಡುಗಿ ಗಳ ಬಿಚ್ಚಲು ಹೋದಳು. ಅತ್ತಿ ಅವಳ ಕೈ ಹಿಡಿದು ನಿಲ್ಲಿಸಿದಳು. ಈ ವಯಸ್ಸಿನಲ್ಲಿ ಆಕೆ ಎಲ್ಲಿಗೆ ಹೋಗಬೇಕು? ಅತ್ತಿ ಗುಡಿಸಲೊಳಗೆ ಚಾಪೆ ಹಾಸಿ ಕೂತಳು.

"ತಮ್ಮಾ, ಇನ್ನ ಇದು ಆಕಿದಲ್ಲ, ನಂದು. ನಮ್ಮಪ್ಪ ಕಟ್ಟಿಸಿದ ಮನಿ ಇದು. ನಾನೂ ಅಂವನ ಮಗಳು. ತಗೀತೀಯೇನು? ತಗಿ. ನಾ ಒಳಗ ಕುಂತಿರ್ತೇನಿ."

ಅಪ್ಪ ತೆಗೆಯಲಿಲ್ಲ. ಆ ವಾರ ಪೂರ್ತಿ ಅತ್ತಿ ಕೆಳಗಿಳಿಯಲಿಲ್ಲ, ಸ್ಟೋವನ್ನೂ ಮೇಲೇ ತರಿಸಿಕೊಂಡಳು. ಹುಣ್ಣಿಮೆಯ ಕಡುಬು, ಸಜ್ಜೆ ರೊಟ್ಟಿ, ಪುಂಡಿಪಲ್ಯ ಎಲ್ಲ ಅಲ್ಲೇ. ಹುಡುಗಿ ತನ್ನ ಪ್ರಾರ್ಥನೆ ಹೇಳುವಳು, ಅತ್ತಿ ಇಷ್ಟಲಿಂಗ ಕಣ್ಣಿಗೆ ಒತ್ತಿಕೊಳ್ಳುವಳು, ಆಮೇಲೆ ಊಟ. ನೋಡಲು ಬಂದ ಓಣಿಯ ಹೆಂಗಸರು ಉಂಡೇ ಇಳಿದರು. ಅಪ್ಪ ಖಾನಾವಳಿಯಲ್ಲಿ ಉಂಡ.

ಹುಡುಗಿ ತನ್ನ ದೇಶಕ್ಕೆ ಮರಳಿದ ಮೇಲೆ ಅತ್ತಿ ವಕೀಲರನ್ನು ಕಂಡು ಬಂದು, "ನನ್ನ ಪಾಲು ಕೊಡು" ಎಂದಳು. ಊರು ಬಾಯಿಗೆ ಬಂದದ್ದು ಆಡಿತು. ಅಪ್ಪ ವರ್ಷಗಟ್ಟಲೆ ಮಾತು ಬಿಟ್ಟ. ಆಕೆ ಜಗ್ಗಲಿಲ್ಲ. ಕೊನೆಗೆ ಮಾಳಿಗೆ ಮತ್ತು ಅದರ ಖೋಲಿ ಆಕೆಯ ಹೆಸರಿಗಾಯಿತು.

ಹೋದ ವರ್ಷ ಆ ಖೋಲಿಯಲ್ಲೇ ತೀರಿಕೊಂಡಳು. ಅದನ್ನು ನನಗೆ ಬರೆದಿಟ್ಟಿದ್ದಳು. ಗಂಡನ ಹೊಡೆತ ಸಾಕಾಗಿ ನಾನು ಮಗಳ ಕೈ ಹಿಡಿದು ಬಂದಾಗ, ಅಪ್ಪ ಬಾಗಿಲಲ್ಲೇ "ಎಷ್ಟ ದಿನಕ್ಕ ಬಂದಿ?" ಎಂದು ಕೇಳಿದ. ನಾನು ಮೆಟ್ಟಿಲು ಹತ್ತಿದೆ. ಈಗ ಯಾರಾದರೂ "ತವರಮನ್ಯಾಗ ಇರ್ತೀಯೇನವಾ?" ಎಂದು ಕೇಳಿದರೆ, "ಇಲ್ಲರೀ, ನಮ್ಮ ಅತ್ತಿ ಮನ್ಯಾಗ" ಎನ್ನುತ್ತೇನೆ. ಕೆಳಗೆ ಅಪ್ಪನಿಗೂ ಕೇಳಿಸುವಷ್ಟು ಜೋರಾಗಿ.